ಕಡಿಸುವ ಮೊದಲು ಒಂದು ವರ್ಷ ಎಣಿಸು

ಚಿ. ಗಣರಾಜನಿಗೆ,

ಬದಿಯಡ್ಕದಿಂದ ನಿನ್ನ ಅತ್ತೆಯ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ಮಾವನ ಮಂಡಿನೋವು ಮಳೆ ನಿಂತ ಮೇಲೆ ಸ್ವಲ್ಪ ಕಡಿಮೆಯಾಗಿದೆ.

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ಎರಡು ದಿನದಿಂದ ತಲೆಯಲ್ಲೇ ತಿರುಗುತ್ತಿದೆ. ಮೇಲಿನ ತೋಟದ ಹಳೆ ತೆಂಗನ್ನೆಲ್ಲ ಕಡಿಸಿ ನೂರು ಹೈಬ್ರಿಡ್ ಸಸಿ ಇಡುತ್ತೇನೆ, ಹಟ್ಟಿಯ ಗಿಡ್ಡ ದನಕ್ಕೆ ಜರ್ಸಿ ಹೋರಿಯ ಇಂಜೆಕ್ಷನ್ ಕೊಡಿಸಿ ಗಬ್ಬ ಮಾಡಿಸುತ್ತೇನೆ ಎಂದೆ. ಅದು ನನ್ನ ತವರಿನ ತೋಟ. ನಿನ್ನ ಅಜ್ಜ ಸಸಿ ಇಡುವಾಗ ಹೊಂಡಕ್ಕೆ ಬೂದಿ ಸುರಿದವಳು ನಾನು. ಹಾಗಾಗಿ ಹೇಳುವ ಹಕ್ಕು ನನಗಿದೆ ಎಂದುಕೊಂಡು ಬರೆಯುತ್ತಿದ್ದೇನೆ, ಬೇಸರ ಮಾಡಬೇಡ.

ಹೈಬ್ರಿಡ್ ಬೇಡ ಎಂದು ನಾನು ಹೇಳುವುದಿಲ್ಲ. ನಮ್ಮ ದೇಶದಲ್ಲಿ ತೆಂಗಿನ ಸಂಕರ ತಳಿ ಹುಟ್ಟಿದ್ದೇ ನಮ್ಮ ಕಾಸರಗೋಡಿನ ಕಡೆಯಲ್ಲಿ. 1932ರಲ್ಲಿ ನೀಲೇಶ್ವರದ ಸಂಶೋಧನಾ ತೋಟದಲ್ಲಿ ಜೆ. ಎಸ್. ಪಟೇಲ್ ಅವರು ನಮ್ಮ ಎತ್ತರದ ತೆಂಗಿಗೂ ಚಾವಕ್ಕಾಡಿನ ಹಸಿರು ಗಿಡ್ಡಕ್ಕೂ ಸಂಬಂಧ ಮಾಡಿಸಿದರು. ಆಗ ನೀಲೇಶ್ವರವೂ ಕಾಸರಗೋಡೂ ಮದ್ರಾಸಿನ ಕೈಕೆಳಗಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವು. ಕಾಸರಗೋಡಿನ ತೆಂಗು ಸಂಶೋಧನಾ ಕೇಂದ್ರ ಅದಕ್ಕೂ ಮೊದಲು, 1916ರಲ್ಲೇ ಶುರುವಾದದ್ದು. ಈಗ ನಾವು ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಎನ್ನುವುದು ಅದನ್ನೇ. ನೀನು ತರಬೇಕೆಂದಿರುವ ಚಂದ್ರಸಂಕರ 1985ರಲ್ಲಿ ಅಲ್ಲಿಂದ ಬಂದ ತಳಿ. ಅದರ ತಾಯಿ ಚಾವಕ್ಕಾಡಿನ ಕಿತ್ತಳೆ ಬಣ್ಣದ ಗಿಡ್ಡ ತೆಂಗು, ತಂದೆ ಪಶ್ಚಿಮ ಕರಾವಳಿಯ ಎತ್ತರದ ತೆಂಗು. ನೀನು ಗರಗಸ ಹಿಡಿಸಲು ಹೊರಟ ಮರಗಳ ಜಾತಿಯೇ ಅದರ ತಂದೆ, ಗಣರಾಜ.

ಆ ಸಂಕರ ಮಾಡುವುದನ್ನು ನಾನೊಮ್ಮೆ ಹತ್ತಿರ ನಿಂತು ನೋಡಿದ್ದೇನೆ. ಗಿಡ್ಡ ಮರದ ಹೊಂಬಾಳೆ ಒಡೆದ ಕೂಡಲೇ ಅದರ ಗಂಡು ಹೂಗಳನ್ನೆಲ್ಲ ಒಂದೂ ಬಿಡದೆ ಉದುರಿಸಿ, ಉಳಿದ ಹೆಣ್ಣು ಹೂಗಳಿಗೆ ಚೀಲ ಕಟ್ಟುತ್ತಾರೆ. ಎತ್ತರದ ಮರದ ಪರಾಗವನ್ನು ಒಣಗಿಸಿ ಪೌಡರಿಗೆ ಬೆರೆಸಿಟ್ಟಿರುತ್ತಾರೆ. ಹೆಣ್ಣು ಹೂವಿನ ತುದಿಯಲ್ಲಿ ಜೇನಿನಂಥ ಪಸೆ ಕಂಡಾಗ ಅದನ್ನು ಊದುತ್ತಾರೆ. ಕಾಯಿ ಬಲಿಯಲು ಮತ್ತೆ ಹನ್ನೊಂದು ಹನ್ನೆರಡು ತಿಂಗಳು. ಇಷ್ಟು ಕೆಲಸದ ಸಸಿಗೆ ರೇಟು ಹೆಚ್ಚೇ ಇರುತ್ತದೆ, ಕಡಿಮೆಗೆ ಕೊಡುತ್ತೇನೆ ಎನ್ನುವವರ ಸಸಿಯನ್ನು ಎರಡು ಸಲ ನೋಡು. ತಾಯಿ ಕಿತ್ತಳೆ ಗಿಡ್ಡವಾಗಿದ್ದರೆ ಪರೀಕ್ಷೆ ಸುಲಭ. ಸಸಿಯ ಎಲೆದಂಟು ಕಿತ್ತಳೆಯಾಗಿದ್ದರೆ ಅದು ತಾಯಿಯದೇ ಪರಾಗಕ್ಕೆ ಹುಟ್ಟಿದ್ದು, ಸಂಕರ ಅಲ್ಲ. ಕಂದು ಬೆರೆತ ಹಸಿರು ದಂಟಿದ್ದರೆ ಮಾತ್ರ ಜೀಪಿಗೆ ಹಾಕಿಸು.

ಇನ್ನೊಂದು. ಚಂದ್ರಸಂಕರ ಫಲ ಕೊಟ್ಟ ಮೇಲೆ ಅದರ ಕಾಯಿಯನ್ನೇ ಬೀಜಕ್ಕಿಟ್ಟು ತೋಟ ಹೆಚ್ಚಿಸುತ್ತೇನೆ ಎಂದುಕೊಳ್ಳಬೇಡ. ಸಂಕರದ ಮಕ್ಕಳಲ್ಲಿ ಒಂದು ಅಜ್ಜಿಯ ಹಾಗೆ, ಒಂದು ಅಜ್ಜನ ಹಾಗೆ, ಒಂದು ಯಾರ ಹಾಗೂ ಇಲ್ಲ. ಭತ್ತದಲ್ಲಿ ಹಾಗಲ್ಲ, ಅದು ತನ್ನ ಹೂವಿನೊಳಗೇ ತಾನು ಪರಾಗ ಪಡೆದುಕೊಳ್ಳುವ ಬೆಳೆ. ಆದ್ದರಿಂದಲೇ ನೆಟ್ಟಣಿಗೆಯ ಸತ್ಯನಾರಾಯಣ ಬೆಳೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಬೆರಕೆಯಾಗದಂತೆ ಉಳಿಸಿಕೊಂಡು ಬರಲು ಸಾಧ್ಯವಾದದ್ದು. ಅವರಿಗೆ 2024ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಮನೆಗೇ ಬಂದಷ್ಟು ಖುಷಿಯಾಗಿತ್ತು ನನಗೆ. ತಾಳ್ಮೆ ಎಂದರೇನು ಎಂದು ತಿಳಿಯಬೇಕಾದರೆ ಒಮ್ಮೆ ಅವರಲ್ಲಿಗೆ ಹೋಗಿ ಬಾ.

ಈಗ ನನ್ನ ತಪ್ಪೊಂದನ್ನು ಹೇಳುತ್ತೇನೆ. ಮದುವೆಯಾಗಿ ಬಂದ ಹೊಸದರಲ್ಲಿ ಇಲ್ಲಿ ಹಟ್ಟಿಯ ಹಿಂದೆ ಒಂದು ತೆಂಗಿನ ಮರವಿತ್ತು. ಗೊನೆಗೆ ಗೊನೆ ತಾಗುವಷ್ಟು ಕಾಯಿ. ಆಹಾ, ಎಂಥ ಜಾತಿ ಎಂದು ಅದರ ನಲುವತ್ತು ಕಾಯಿ ಮೊಳಕೆ ಬರಿಸಿ ಗುಡ್ಡೆಯ ಬದಿಯಲ್ಲಿ ಸಾಲಾಗಿ ನೆಡಿಸಿದೆ. ಎಂಟು ವರ್ಷ ನೀರು ಹೊತ್ತೆ. ಕಾಯಿ ಬಿಟ್ಟಾಗ ನೋಡಿದರೆ ತೀರಾ ಸಾಧಾರಣ, ಕೆಲವಕ್ಕೆ ಬರೀ ಪೊಳ್ಳು. ಹಟ್ಟಿಯ ಗಂಜಲ, ಬಚ್ಚಲ ನೀರು ವರ್ಷವಿಡೀ ಆ ಮರದ ಬುಡಕ್ಕೇ ಹೋಗುತ್ತಿತ್ತು ಎಂಬುದು ನನಗೆ ಆಗ ಹೊಳೆಯಲಿಲ್ಲ. ಕಾಯಿ ಬಿಟ್ಟದ್ದು ಜಾಗದಿಂದ, ಜಾತಿಯಿಂದ ಅಲ್ಲ. ಹಟ್ಟಿ, ಗೊಬ್ಬರಗುಂಡಿ, ಮನೆಯ ಬದಿಯ ಮರಗಳನ್ನು ಬೀಜಕ್ಕೆ ಆರಿಸಬಾರದು ಎಂದು ಸಂಶೋಧನಾ ಕೇಂದ್ರದವರು ಹೇಳುತ್ತಾರೆಂದು ತಿಳಿದದ್ದು ಆಮೇಲೆ. ಎಂಟು ವರ್ಷ ಹೋದ ಮೇಲೆ.

ಅದಕ್ಕೇ ಹೇಳುವುದು, ಕಡಿಸುವ ಮೊದಲು ಒಂದು ವರ್ಷ ಎಣಿಸು. ಪ್ರತಿ ಮರಕ್ಕೂ ಬಣ್ಣದಲ್ಲಿ ನಂಬರ್ ಹಾಕು. ಕೊಯ್ಲಿಗೆ ಜನ ಬಂದಾಗ ಯಾವ ಮರದಿಂದ ಎಷ್ಟು ಬಿತ್ತು ಎಂದು ನೀನೇ ಬುಡದಲ್ಲಿ ನಿಂತು ಬರೆದುಕೋ. ಎಲ್ಲ ಒಂದೇ ರಾಶಿಗೆ ಹಾಕಿಸಿ ಕೊನೆಗೆ ಭಾಗಿಸಬೇಡ. ನೀರು ಗೊಬ್ಬರದ ಹೆಚ್ಚಿನ ಉಪಚಾರವಿಲ್ಲದೆ ವರ್ಷಕ್ಕೆ 80 ಕಾಯಿ ದಾಟುವ, ಇಪ್ಪತ್ತು ವರ್ಷ ಮೀರಿದ, ತಲೆಯಲ್ಲಿ ಮೂವತ್ತಕ್ಕೂ ಹೆಚ್ಚು ಮಡಲಿರುವ, ಮಡಲಿನ ದಂಟು ಗಿಡ್ಡವಾಗಿ ಗಟ್ಟಿಯಾಗಿದ್ದು ಗೊನೆಯನ್ನು ಹೊತ್ತು ನಿಲ್ಲುವ ಮರ ಸಿಕ್ಕಿದರೆ ಅದು ತಾಯಿಮರ. ಅದನ್ನು ಕಡಿಯಬೇಡ. ಕಾಯಿಯಿಂದ ತೆಗೆದ ಕೊಬ್ಬರಿಯನ್ನೂ ತೂಗಿ ನೋಡು, 150 ಗ್ರಾಮ್ ಬಂದರೆ ಒಳ್ಳೆಯದು. ಹತ್ತು ಮರದಲ್ಲಿ ಒಂದೋ ಎರಡೋ ಇಂಥವು ಸಿಕ್ಕಾವು. ಇಪ್ಪತ್ತು ಮೂವತ್ತು ಕಾಯಿಯ ಸೋಮಾರಿ ಮರಗಳನ್ನು ಧಾರಾಳ ಕಡಿಸು, ನನಗೆ ಸಂಕಟವಿಲ್ಲ.

ಹೈಬ್ರಿಡ್ ಸಸಿಗಳನ್ನು ಕೆರೆಯ ಪಕ್ಕದ ಕೆಳಗಿನ ತುಂಡಿನಲ್ಲಿ ಇಡು. ಅವಕ್ಕೆ ನೀರೂ ಗೊಬ್ಬರವೂ ತಪ್ಪಬಾರದು. ಮೇಲಿನ ತೋಟಕ್ಕೆ ಇರುವುದು ಗುಡ್ಡೆಗೆ ಅಡ್ಡ ಕೊರೆದ ಸುರಂಗದ ನೀರು, ಅದು ಮಾರ್ಚಿಗೆ ನೂಲಿನಷ್ಟಾಗುವುದು ನಿನಗೂ ಗೊತ್ತು. ಅಲ್ಲಿ ಆ ಎತ್ತರದ ಮರಗಳೇ ಬಾಳಿಯಾವು.

ಅಡಿಕೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದರಲ್ಲಿ ನೀನು ನನಗಿಂತ ಜಾಣ. ಬೀಜದ ಗೋಟನ್ನು, ಅಂದರೆ ಬಲಿತ ಇಡೀ ಅಡಿಕೆಯನ್ನು, ನೀರಿಗೆ ಹಾಕಿದಾಗ ತೊಟ್ಟು ಮೇಲಾಗಿ ನೆಟ್ಟಗೆ ತೇಲುವುದನ್ನು ಮಾತ್ರ ಆರಿಸು, ಅಡ್ಡ ತೇಲುವುದು ಬೇಡ.

ಇನ್ನು ದನದ ವಿಷಯ. ಇದನ್ನು ಬರೆಯುವಾಗ ಕೈ ಸ್ವಲ್ಪ ನಡುಗುತ್ತದೆ. ನಮ್ಮಲ್ಲಿ ಕಪಿಲೆ ಎಂಬ ಗಿಡ್ಡ ದನವಿತ್ತು, ನನ್ನ ಸೊಂಟದಷ್ಟೂ ಎತ್ತರವಿಲ್ಲ. ಹೊತ್ತಿಗೆ ಒಂದು ಲೀಟರ್ ಹಾಲು. ಹಾಲು ಹೆಚ್ಚಾಗಲೆಂದು ನಾನೇ ಹಟ ಹಿಡಿದು ದೊಡ್ಡ ಜಾತಿಯ ಇಂಜೆಕ್ಷನ್ ಕೊಡಿಸಿದೆ. ಕೊಟ್ಟವರು ದನದ ಗಾತ್ರ ನೋಡಿ ಒಂದು ಮಾತೂ ಎಚ್ಚರಿಸಲಿಲ್ಲ. ಕರು ಬೆಳೆದದ್ದು ಅಪ್ಪನ ಅಳತೆಗೆ, ಹೊರಬರಬೇಕಾದ ದಾರಿ ಅಮ್ಮನ ಅಳತೆಯದು. ರಾತ್ರಿಯಿಡೀ ಲಾಟೀನು ಹಿಡಿದು ಕೂತೆ. ಬೆಳಗ್ಗೆ ಕರುವನ್ನು ಎಳೆದು ತೆಗೆದಾಗ ಉಸಿರಿರಲಿಲ್ಲ. ಕಪಿಲೆ ಹದಿನೈದು ದಿನ ಎದ್ದು ನಿಲ್ಲಲಿಲ್ಲ, ಮತ್ತೆ ಗಬ್ಬವೂ ನಿಲ್ಲಲಿಲ್ಲ.

ಹಾಲು ಬೇಕೆಂದರೆ ಒಂದು ಮಿಶ್ರತಳಿ ದನವನ್ನೇ ಬೇರೆ ತಂದುಕಟ್ಟು. ಮುನ್ನಾರಿನ ಹತ್ತಿರದ ಮಾಟುಪೆಟ್ಟಿಯಲ್ಲಿ ಸ್ವಿಸ್ ದೇಶದವರ ನೆರವಿನಿಂದ 1963ರಲ್ಲಿ ಶುರುವಾದ ಯೋಜನೆಯಲ್ಲಿ ಬೆಳೆದ ಸುನಂದಿನಿ ಎಂಬ ಮಿಶ್ರತಳಿ ಈ ಕೇರಳದ ಎಷ್ಟು ಮನೆಗಳ ಒಲೆ ಉರಿಸಿದೆ! ಅದನ್ನು ಅಲ್ಲಗಳೆಯಲಾರೆ. ಆದರೆ ಅದೇ ಹುಮ್ಮಸ್ಸಿನಲ್ಲಿ 1961ರ ಕಾನೂನು ಹಿಡಿದು ಊರ ಹೋರಿಗಳನ್ನೆಲ್ಲ ಬೀಜ ಒಡೆಸಿದರು. ಕೇರಳದ ತೆಂಕಣದ ಗಿಡ್ಡ ಜಾತಿಯಾದ ವೆಚ್ಚೂರು ದನ ಇನ್ನೇನು ಮುಗಿದೇಹೋಯಿತು ಎನ್ನುವಾಗ, 1989ರಲ್ಲಿ ಮಣ್ಣುತ್ತಿಯ ಪಶುವೈದ್ಯ ಕಾಲೇಜಿನ ಸೋಸಮ್ಮ ಐಪ್ ಅವರೂ ಅವರ ವಿದ್ಯಾರ್ಥಿಗಳೂ ಊರೂರು ತಿರುಗಿ ಉಳಿದ ಕೆಲವನ್ನು ಹುಡುಕಿ ತಂದರು. ನಮ್ಮ ಊರ ದನದ ಜಾತಿ ಕಾಸರಗೋಡು ಗಿಡ್ಡ ಬದುಕಿಕೊಂಡದ್ದು ಯಾರದೋ ಗುಡ್ಡೆಯಲ್ಲಿ, ಯಾರದೋ ಹಟದಿಂದ. ನಿನ್ನ ಹಟ್ಟಿಯ ದನ ಆ ಕುಲದ್ದು. ಬೇಸಗೆಯ ಬಿಸಿಲಲ್ಲಿ ಏದುಸಿರು ಬಿಡದೆ ಗುಡ್ಡೆಯ ಒಣಹುಲ್ಲು ಮೇಯುವ ಗುಣ ಯಾವ ಇಂಜೆಕ್ಷನ್ನಿನಲ್ಲೂ ಬರುವುದಿಲ್ಲ. ಅದಕ್ಕೆ ಗಿಡ್ಡ ಹೋರಿಯನ್ನೇ ಕೂಡಿಸು. ಒಂದು ಎಚ್ಚರ, ಆ ಹೋರಿಯ ಮಗಳು ಬೆದೆಗೆ ಬರುವ ಮೊದಲೇ ಹೋರಿ ಬದಲಾಗಲಿ. ರಕ್ತ ಹತ್ತಿರವಾದರೆ ಕರು ಬಡಕಲಾಗುತ್ತದೆ. ಗಬ್ಬದ ತಾರೀಕು, ಹೋರಿ ಯಾವ ಮನೆಯದು, ಕರು ಹಾಕಿದ ದಿನ, ಹೊತ್ತಿನ ಹಾಲು, ಇವನ್ನೂ ತೆಂಗಿನ ಲೆಕ್ಕದ ನೋಟ್‌ಬುಕ್ಕಿನಲ್ಲೇ ಹಿಂದಿನಿಂದ ಬರೆಯುತ್ತಾ ಬಾ.

ಬೀಜದ ಕಾಯಿ ಇಳಿಸಲು ಫೆಬ್ರವರಿಯಿಂದ ಮೇವರೆಗೆ ಸಮಯ. ನಾನು ಫೆಬ್ರವರಿ ಕೊನೆಗೆ ಬರುತ್ತೇನೆ. ಕಾಯಿಯನ್ನು ಕೆಳಗೆ ಬೀಳಿಸದೆ ಹಗ್ಗದಲ್ಲಿ ಇಳಿಸುವವರನ್ನು ಹೇಳಿಡು. ಹಗ್ಗ ಇಲ್ಲಿಂದ ತರುತ್ತೇನೆ. ಸುರಂಗದ ಬಾಯಿಯಿಂದ ಮೂರನೆಯ ಮರ, ಸ್ವಲ್ಪ ಪಡುವಣಕ್ಕೆ ವಾಲಿದ್ದು, ಅದರ ಕಾಯಿಯನ್ನು ಈ ಸಲ ಯಾರಿಗೂ ಕೊಡಬೇಡ. ನಿನ್ನ ಅಜ್ಜ ಬೀಜಕ್ಕೆಂದು ಇಳಿಸುತ್ತಿದ್ದದ್ದು ಆ ಮರದ್ದನ್ನೇ.

ಇತಿ ನಿನ್ನ
ಅತ್ತೆ