ಕಿವಿಯ ಹಿಂದಿನ ಗುರುತು

ಪ್ರೀತಿಯ ಪುಟ್ಟಿ,

ಶನಿವಾರದಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ನಿನ್ನ ಅಣ್ಣ, ಅತ್ತಿಗೆ ಮಲಗಿದ ಮೇಲೆ ಅಡುಗೆಮನೆಯ ಮೇಜಿಗೆ ಬಂದು ಕೂತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಸ್ಪೀಕರ್ ಹಾಕಿಕೊಂಡು ಮಾತಾಡುವವಳು, ಪಕ್ಕದಲ್ಲಿ ಅಜ್ಜಿ ಬತ್ತಿ ಹೊಸೆಯುತ್ತಾ ಕೂತಿರುತ್ತಾಳೆ. ಇದು ಅವಳ ವಿಷಯ. ಅದಕ್ಕೇ ಪತ್ರ.

ಶನಿವಾರ ಅಣ್ಣ ನನ್ನನ್ನು ಕಾಂಕಾರ್ಡಿಯ ಅನ್ನುವ ಊರಿಗೆ ಕರೆದುಕೊಂಡು ಹೋಗಿದ್ದ. ಇವನಿರುವ ಊರಿನ ಹೆಸರು ಮ್ಯಾನ್‌ಹಟನ್ ಅಂತ ನಿನಗೆ ಗೊತ್ತು. ನ್ಯೂಯಾರ್ಕಿನದಲ್ಲ, ಅಮೆರಿಕದ ಕಾನ್ಸಾಸ್ ರಾಜ್ಯದ್ದು. ಇಲ್ಲಿಂದ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆ. ದಾರಿಯುದ್ದಕ್ಕೂ ಹೊಲ, ಹೊಲದ ನಡುವೆ ಒಂದೊಂದು ಒಂಟಿ ಮನೆ. ನಮ್ಮ ಕಡೆಯಂಥ ಗುಡ್ಡ ಕಣ್ಣಿಗೆ ಬೀಳುವುದಿಲ್ಲ. ಕಾಂಕಾರ್ಡಿಯದ್ದು ಐದು ಸಾವಿರದಷ್ಟು ಜನಸಂಖ್ಯೆ, ನಮ್ಮ ಸಾಗರದ ಮುಂದೆ ಅದು ಹಳ್ಳಿ. ಅಲ್ಲಿ 1917ರಲ್ಲಿ ಕಟ್ಟಿದ ರೈಲು ನಿಲ್ದಾಣವೊಂದನ್ನು ದುರಸ್ತಿ ಮಾಡಿ ಮ್ಯೂಸಿಯಂ ಮಾಡಿದ್ದಾರೆ. ‘ಆರ್ಫನ್ ಟ್ರೇನ್’ ಮ್ಯೂಸಿಯಂ. ಅನಾಥ ಮಕ್ಕಳ ರೈಲು.

ನ್ಯೂಯಾರ್ಕ್ ನಗರದಲ್ಲಿ 1850ರ ಹೊತ್ತಿಗೆ ಬೀದಿಯಲ್ಲೇ ಮಲಗುವ ಮಕ್ಕಳು ಸಾವಿರಗಟ್ಟಲೆ ಇದ್ದರಂತೆ. ಹಡಗು ಹತ್ತಿ ಬಂದ ಬಡವರ ಮಕ್ಕಳು, ಪೇಪರ್ ಮಾರುವವರು, ಬೆಂಕಿಪೊಟ್ಟಣ ಮಾರುವವರು. ಚಾರ್ಲ್ಸ್ ಲೋರಿಂಗ್ ಬ್ರೇಸ್ ಎಂಬ ಪಾದ್ರಿ 1853ರಲ್ಲಿ ಚಿಲ್ಡ್ರನ್ಸ್ ಏಡ್ ಸೊಸೈಟಿ ಶುರುಮಾಡಿದ. ಆಗ ಅವನಿಗೆ ಇಪ್ಪತ್ತಾರು ವರ್ಷ. ಈ ಮಕ್ಕಳನ್ನು ಅನಾಥಾಲಯದಲ್ಲಿ ಕೂಡಿಹಾಕುವುದಕ್ಕಿಂತ ಹಳ್ಳಿಯ ರೈತರ ಮನೆಗೆ ಕಳಿಸುವುದು ಮೇಲು ಅನ್ನುವುದು ಅವನ ವಿಚಾರ. ರೈತರಿಗೆ ಕೈಯಾಳು ಬೇಕು, ಮಕ್ಕಳಿಗೆ ಮನೆ ಬೇಕು. 1854ರಲ್ಲಿ ಮೊದಲ ತಂಡ ಮಿಷಿಗನ್ನಿನ ಡೋವಾಜಿಯಾಕ್ ಅನ್ನುವ ಊರಿಗೆ ಹೋಯಿತು. 1929ರವರೆಗೂ ಈ ರೈಲುಗಳು ಓಡಿದವು. ಎರಡು ಲಕ್ಷಕ್ಕೂ ಹೆಚ್ಚು ಮಕ್ಕಳು ಹೀಗೆ ಹೋದರು ಎಂದು ಅಂದಾಜು.

ಪುಟ್ಟಿ, ಈ ಮಕ್ಕಳನ್ನು ಹಂಚುತ್ತಿದ್ದ ರೀತಿಯನ್ನು ಓದುವಾಗ ನನಗೆ ಅಲ್ಲೇ ಕೂತುಬಿಡಬೇಕು ಅನ್ನಿಸಿತು. ರೈಲು ಬರುವ ಮುಂಚೆ ಊರಿನಲ್ಲಿ ಕರಪತ್ರ ಅಂಟಿಸುತ್ತಿದ್ದರು: ಮಕ್ಕಳಿಗೆ ಮನೆ ಬೇಕಾಗಿದೆ. ಊರಿನ ಡಾಕ್ಟರು, ಪಾದ್ರಿ, ಅಂಗಡಿ ಸಾಹುಕಾರ ಇಂಥವರ ಒಂದು ಸಮಿತಿ. ಯಾರಿಗೆ ಮಗು ಕೊಡಬಹುದು, ಯಾರಿಗೆ ಬೇಡ ಎಂದು ಅವರು ನೋಡಬೇಕು. ಮಕ್ಕಳನ್ನು ರೈಲಿನಿಂದ ಇಳಿಸಿ, ಮುಖ ತೊಳೆಸಿ, ಒಳ್ಳೆ ಬಟ್ಟೆ ಹಾಕಿಸಿ ಚರ್ಚಿನಲ್ಲೋ ನಾಟಕದ ಹಾಲಿನಲ್ಲೋ ಸಾಲಾಗಿ ನಿಲ್ಲಿಸುತ್ತಿದ್ದರು. ಜನ ಬಂದು ನೋಡುತ್ತಿದ್ದರು. ಕೆಲವರು ಹುಡುಗರ ತೋಳು ಹಿಚುಕಿ ನೋಡಿದರಂತೆ, ಹಲ್ಲು ನೋಡಿದರಂತೆ. ದನದ ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡುವುದನ್ನು ನೀನೂ ಕಂಡಿದ್ದೀಯಲ್ಲ, ಹಾಗೆ. ಯಾರೂ ಒಪ್ಪದ ಮಕ್ಕಳು ಮತ್ತೆ ರೈಲು ಹತ್ತಿ ಮುಂದಿನ ಊರಿಗೆ. ಅಣ್ಣನನ್ನು ಒಬ್ಬರು ಇಳಿಸಿಕೊಂಡರೆ ತಂಗಿಯನ್ನು ಇನ್ನೊಬ್ಬರು. ಹಾಗೆ ಬೇರೆಯಾದ ಎಷ್ಟೋ ಒಡಹುಟ್ಟಿದವರು ಆಮೇಲೆ ಒಬ್ಬರನ್ನೊಬ್ಬರು ಕಾಣಲೇ ಇಲ್ಲ.

ಕ್ರೈಸ್ತ ಸನ್ಯಾಸಿನಿಯರದ್ದು ಬೇರೆ ಕ್ರಮ. ಅವರು 1869ರಲ್ಲಿ ನ್ಯೂಯಾರ್ಕ್ ಫೌಂಡ್ಲಿಂಗ್ ಎಂಬ ಆಶ್ರಯ ತೆರೆದು, ಬಾಗಿಲ ಒಳಗೆ ಒಂದು ತೊಟ್ಟಿಲು ಇಟ್ಟಿದ್ದರು. ತಾಯಂದಿರು ರಾತ್ರಿ ಬಂದು ಅದರಲ್ಲಿ ಕೂಸನ್ನು ಮಲಗಿಸಿ ಹೋಗುತ್ತಿದ್ದರು. ಆ ಮಕ್ಕಳಿಗೆ ಮೊದಲೇ ಮನೆ ಗೊತ್ತುಮಾಡಿ ಕಳಿಸುತ್ತಿದ್ದರು. ಮಗುವಿನ ಬಟ್ಟೆಗೆ ಒಂದು ನಂಬರು ಹೊಲಿದಿರುತ್ತಿತ್ತು, ನಿಲ್ದಾಣದಲ್ಲಿ ಕಾಯುವವರ ಕೈಯಲ್ಲೂ ಅದೇ ನಂಬರು. ಎರಡೂ ಹೊಂದಿದರೆ ಮಗು ಅವರದು.

ಇದನ್ನೆಲ್ಲ ಬರೀ ಕ್ರೌರ್ಯ ಎಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಬೀದಿಯಲ್ಲೇ ಉಳಿದಿದ್ದರೆ ಎಷ್ಟು ಮಕ್ಕಳು ಚಳಿಗಾಲ ದಾಟುತ್ತಿದ್ದವೋ. ಒಳ್ಳೆಯ ಮನೆ ಸೇರಿದವರೂ ಬಹಳ ಜನ. ಆಂಡ್ರ್ಯೂ ಬರ್ಕ್, ಜಾನ್ ಬ್ರೇಡಿ ಎಂಬ ಇಬ್ಬರು ಹುಡುಗರು 1859ರಲ್ಲಿ ಒಂದೇ ರೈಲಿನಲ್ಲಿ ಇಂಡಿಯಾನಾಕ್ಕೆ ಬಂದವರು. ಮುಂದೆ ಒಬ್ಬ ನಾರ್ತ್ ಡಕೋಟಾದ ಗವರ್ನರ್ ಆದ, ಇನ್ನೊಬ್ಬ ಅಲಾಸ್ಕಾದ ಗವರ್ನರ್. ಅಣ್ಣ ಈ ಕತೆಯನ್ನು ಖುಷಿಯಿಂದ ಓದಿ ಹೇಳಿದ. ನನ್ನ ಕಣ್ಣು ಮಾತ್ರ ಪಕ್ಕದ ಗೋಡೆಯ ಮೇಲಿನ ಒಂದು ಫೋಟೋದಲ್ಲಿ ಸಿಕ್ಕಿಕೊಂಡಿತ್ತು.

ರೈಲಿನ ಮುಂದೆ ನಿಂತ ಮಕ್ಕಳ ಗುಂಪಿನ ಫೋಟೋ ಅದು. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ, ಒಬ್ಬ ಹುಡುಗಿಯನ್ನು ಬಿಟ್ಟು. ಏಳೆಂಟು ವರ್ಷ ಇರಬಹುದು. ಅವಳು ಪಕ್ಕದ ಸಣ್ಣ ಹುಡುಗನ ಕೈಯನ್ನು ಹಿಡಿದಿರಲಿಲ್ಲ, ಅವನ ಮಣಿಕಟ್ಟನ್ನು ಹಿಡಿದಿದ್ದಳು. ಕೈ ಹಿಡಿದರೆ ಜಾರಿಹೋಗಬಹುದು, ಮಣಿಕಟ್ಟು ಹಾಗೆ ಜಾರುವುದಿಲ್ಲ. ಸಂತೆಯಲ್ಲಿ ಅಜ್ಜಿ ನಿನ್ನನ್ನು ಹಿಡಿದುಕೊಳ್ಳುತ್ತಿದ್ದುದೂ ಹಾಗೇ ಅಲ್ಲವೇ? ‘ಬಿಡು ಅಜ್ಜಿ, ನೋಯ್ತದೆ’ ಎಂದು ನೀನು ಕೂಗುತ್ತಿದ್ದೆ.

ಅಜ್ಜಿಗೊಬ್ಬ ತಮ್ಮನಿದ್ದ ಅನ್ನುವುದಷ್ಟೇ ನಿನಗೆ ಗೊತ್ತು. ನನಗೆ ಗೊತ್ತಿರುವುದೂ ಅದಕ್ಕಿಂತ ತುಂಬಾ ಹೆಚ್ಚಲ್ಲ, ಆದರೂ ಬರೆಯುತ್ತೇನೆ. ಅವಳ ಏಳನೇ ವರ್ಷಕ್ಕೆ ಅವಳಮ್ಮ ಬಾಣಂತನದಲ್ಲಿ ತೀರಿಕೊಂಡಳು. ಅಪ್ಪನಿಗೆ ಗೇಣಿ ಗದ್ದೆ, ಮೇಲೆ ಸಾಲ. ಮಕ್ಕಳನ್ನು ನೋಡಿಕೊಳ್ಳುವವರಿಲ್ಲ. ಇವಳನ್ನು ಸಾಗರದ ದೂರದ ಸಂಬಂಧಿಕರ ಮನೆಯಲ್ಲಿ ಬಿಟ್ಟ, ನಾಲ್ಕು ವರ್ಷದ ತಮ್ಮನನ್ನು ಘಟ್ಟದ ಕೆಳಗಿನವರು ಯಾರೋ ಸಾಕಿಕೊಳ್ಳುತ್ತೇವೆ ಎಂದು ಒಯ್ದರು. ಅಪ್ಪನೂ ಹೆಚ್ಚು ದಿನ ಉಳಿಯಲಿಲ್ಲ. ತಮ್ಮ ಹತ್ತು ವರ್ಷಕ್ಕೇ ಹೋಟೆಲ್ ಕೆಲಸಕ್ಕೆಂದು ಬೊಂಬಾಯಿಗೆ ಹೋದನಂತೆ ಎಂಬ ಒಂದು ಸುದ್ದಿ ಬಂತು. ಆಮೇಲೆ ಅದೂ ಇಲ್ಲ.

ಇವಳನ್ನು ಆ ಮನೆಯಲ್ಲಿ ಹೊಡೆಯಲಿಲ್ಲ, ಉಪವಾಸ ಕೆಡವಲಿಲ್ಲ. ಆದರೆ ಆ ಮನೆಯ ಮಕ್ಕಳು ಶಾಲೆಗೆ ಹೋದಾಗ ಇವಳು ಕೊಟ್ಟಿಗೆಗೆ ಹೋದಳು. ಬಂದವರಿಗೆ ‘ನಮ್ಮ ಹುಡುಗಿ’ ಎಂದು ಹೇಳುತ್ತಿದ್ದರು, ಮಗಳು ಎಂದು ಒಮ್ಮೆಯೂ ಹೇಳಲಿಲ್ಲ. ಇವತ್ತಿಗೂ ಅವಳು ಎಲ್ಲರದ್ದೂ ಆದ ಮೇಲೆ ಒಲೆಯ ಪಕ್ಕ ಕೂತು ಉಣ್ಣುವುದನ್ನು ನಾವು ಮಡಿ ಎಂದುಕೊಂಡಿದ್ದೆವು. ಈಗ ನನಗೆ ಅದು ಮಡಿ ಎಂದು ಅನ್ನಿಸುವುದಿಲ್ಲ.

ಬ್ರೇಸ್‌ನ ಸೊಸೈಟಿಯ ಕರಾರು ಹೀಗಿತ್ತು: ಮಗುವನ್ನು ಮನೆಯವರಂತೆ ನೋಡಿಕೊಳ್ಳಬೇಕು, ಶಾಲೆಗೆ ಕಳಿಸಬೇಕು, ಸರಿಹೋಗದಿದ್ದರೆ ಸೊಸೈಟಿ ವಾಪಸ್ ಕರೆದುಕೊಳ್ಳಬಹುದು. ಏಜೆಂಟರು ವರ್ಷಕ್ಕೊಮ್ಮೆ ಬಂದು ವಿಚಾರಿಸಬೇಕು. ಎಲ್ಲ ಕಡೆ ಅದು ನಡೆಯಲಿಲ್ಲ, ನೂರಾರು ಮೈಲಿ ತಿರುಗುವ ಏಜೆಂಟರು ಕೆಲವೇ ಜನ. ಆದರೂ ಯಾವ ಮಗು ಯಾವ ಊರಲ್ಲಿ ಇಳಿಯಿತು ಅಂತ ಎಲ್ಲೋ ಒಂದು ಪುಸ್ತಕದಲ್ಲಿ ಒಂದು ಸಾಲು ಇತ್ತು. ಅಜ್ಜಿಯ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ವರ್ಷಕ್ಕೊಮ್ಮೆ ಬಂದು ‘ಚೆನ್ನಾಗಿದ್ದೀಯಾ ಮಗಾ’ ಎಂದು ಕೇಳುವವರು ಅವಳಿಗೆ ಇರಲಿಲ್ಲ. ಹುಟ್ಟಿದ ಊರಾದರೂ ಇದ್ದಿದ್ದರೆ ಅಲ್ಲಿ ಯಾರನ್ನಾದರೂ ವಿಚಾರಿಸಬಹುದಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಾಗ ಆ ಊರೂ ಹೋಯಿತು, ಊರಿನವರು ಎಲ್ಲೆಲ್ಲಿಗೋ ಚದುರಿದರು. ಸಿಗಂದೂರಿಗೆ ಲಾಂಚಿನಲ್ಲಿ ಹೋಗುತ್ತಿದ್ದಾಗ ಎಲ್ಲರೂ ದಡ ನೋಡುತ್ತಿದ್ದರು. ಅಜ್ಜಿ ಮಾತ್ರ ಕಂಬಿ ಹಿಡಿದು ಕೆಳಗಿನ ನೀರನ್ನು ನೋಡುತ್ತಾ ನಿಂತಿರುತ್ತಿದ್ದಳು. ಈಗ ಸೇತುವೆಯಾಗಿದೆ, ಬಸ್ಸು ಎರಡು ನಿಮಿಷದಲ್ಲಿ ದಾಟಿಬಿಡುತ್ತದೆ. ಅವಳನ್ನು ಇನ್ನೂ ಆ ಸೇತುವೆಯ ಮೇಲೆ ಕರೆದುಕೊಂಡು ಹೋಗಿಲ್ಲ.

ಒಂದು ವಿಷಯವನ್ನು ನಿನಗೆ ಯಾವತ್ತೂ ಹೇಳಿಲ್ಲ. ನೀನು ಹುಟ್ಟುವುದಕ್ಕೂ ಮುಂಚೆ, ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿ, ನನ್ನಮ್ಮ, ಅಂದರೆ ನಿನ್ನ ಅಜ್ಜಿ, ಗೊತ್ತಿಲ್ಲದ ಗಂಡಸರ ಹಿಂದೆ ಹೋಗಿ ಹೋಗಿ ನಿಲ್ಲುತ್ತಿದ್ದಳು. ಒಬ್ಬರು ತಿರುಗಿ ‘ಎಂತದಮ್ಮ?’ ಎಂದು ಜೋರಾಗಿಯೇ ಕೇಳಿದರು. ನನಗೆ ನಾಚಿಕೆಯಾಯಿತು. ನಾನಾಗ ಹೊಸದಾಗಿ ಕೆಲಸಕ್ಕೆ ಸೇರಿದ ಟೀಚರು, ಜಾತ್ರೆಯ ತುಂಬಾ ನನ್ನ ಶಾಲೆಯ ಮಕ್ಕಳ ಅಪ್ಪ ಅಮ್ಮಂದಿರು. ‘ಎಂತಕ್ಕೆ ಹೀಗೆ ಮಾನ ಕಳೀತೀಯ?’ ಎಂದು ಎಲ್ಲರೆದುರಿಗೇ ಗದರಿದೆ. ಮನೆಗೆ ಬಂದ ಮೇಲೆ ಅವಳು ಹೇಳಿದ್ದು ಒಂದೇ ಮಾತು: ‘ಬಲಗಿವಿಯ ಹಿಂದೆ ಸುಟ್ಟ ಗಾಯ ಇತ್ತು ಅವನಿಗೆ. ಒಲೆಯ ಕೊಳ್ಳಿ ತಾಗಿ. ನನ್ನ ಕೈಯಿಂದಲೇ ಆದದ್ದು.’ ಅಷ್ಟು ಹೇಳಿ ಅಕ್ಕಿ ಆರಿಸಲು ಕೂತಳು. ಆಮೇಲೆ ಜಾತ್ರೆಗೆ ಕರೆದರೆ ಬರಲೇ ಇಲ್ಲ. ನಾನೂ ಮತ್ತೆ ಕೇಳಲಿಲ್ಲ. ಅವಳಿಗೆ ನೋವಾಗುತ್ತದೆ ಎಂದು ಕೇಳಲಿಲ್ಲ ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜ ಅದಲ್ಲ. ಗದರಿದ್ದಕ್ಕೆ ತಪ್ಪಾಯಿತು ಎಂದು ಹೇಳಬೇಕಾಗುತ್ತದೆ ಎಂದು ಕೇಳಲಿಲ್ಲ.

ಮ್ಯೂಸಿಯಂನಲ್ಲಿ ಓದಿದ್ದರಲ್ಲಿ ನನ್ನನ್ನು ತುಂಬಾ ಕಾಡುತ್ತಿರುವುದು ಇದು: ರೈಲು ಹತ್ತಿದ ಬಹಳ ಮಕ್ಕಳು ಅನಾಥರೇ ಅಲ್ಲ. ತಾಯಿಯೋ ತಂದೆಯೋ ಬದುಕಿದ್ದರು. ಸಾಕುವ ಶಕ್ತಿ ಇರಲಿಲ್ಲ, ಅಷ್ಟೇ. 1909ರಲ್ಲಿ ಇಲ್ಲಿನ ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟ್ ಕರೆದ ಸಭೆಯಲ್ಲಿ, ಬರೀ ಬಡತನಕ್ಕಾಗಿ ಮಗುವನ್ನು ಮನೆಯಿಂದ ಬೇರೆ ಮಾಡಬಾರದು ಎಂದು ತೀರ್ಮಾನವಾಯಿತು. ಎರಡೇ ವರ್ಷದಲ್ಲಿ ಇಲಿನಾಯ್ ರಾಜ್ಯ ಬಡ ತಾಯಂದಿರಿಗೆ ಪಿಂಚಣಿ ಕೊಡುವ ಕಾನೂನು ತಂದಿತು. ಹೊರರಾಜ್ಯದಿಂದ ಮಕ್ಕಳನ್ನು ತಂದಿಳಿಸುವುದಕ್ಕೂ ಒಂದೊಂದೇ ರಾಜ್ಯ ಕಟ್ಟಳೆ ಹಾಕಿತು. ರೈಲುಗಳು ಹಾಗೆ ನಿಂತವು. ಅಜ್ಜಿಯ ಅಪ್ಪನಿಗೂ ಬೇಕಿದ್ದದ್ದು ಅಷ್ಟೇ, ಪುಟ್ಟಿ. ಎರಡು ವರ್ಷದ ಅಕ್ಕಿ, ಮಕ್ಕಳ ಮೇಲೆ ಕಣ್ಣಿಡಲು ಒಬ್ಬ ಹೆಂಗಸು.

ಊರಿನ ಬೀದಿಗಳಲ್ಲಿ ಅಲ್ಲಲ್ಲಿ ಆ ಮಕ್ಕಳ ಕಂಚಿನ ಪ್ರತಿಮೆಗಳಿವೆ. ಒಂದರ ಹತ್ತಿರ ಅಣ್ಣ ಫೋಟೋ ತೆಗೆಯಲೇ ಎಂದ, ನಾನು ಬೇಡ ಎಂದೆ. ರೈಲಿನಲ್ಲಿ ಬಂದವರ ಮಕ್ಕಳು ಮೊಮ್ಮಕ್ಕಳು ವರ್ಷಕ್ಕೊಮ್ಮೆ ಇಲ್ಲಿ ಸೇರುತ್ತಾರಂತೆ. ತಮ್ಮ ಅಜ್ಜ ಅಜ್ಜಿಯರ ಕಾಗದ, ಫೋಟೋ, ಹೇಳಿದ ಮಾತು ಎಲ್ಲವನ್ನೂ ತಂದು ಇಲ್ಲಿ ಕೂಡಿಸಿದ್ದಾರೆ. ಎಷ್ಟೋ ಜನ ಮುದುಕರಾಗುವವರೆಗೂ ಬಾಯಿ ಬಿಟ್ಟಿರಲಿಲ್ಲ. ಹೆಂಡತಿ ಮಕ್ಕಳಿಗೂ ಹೇಳಿರಲಿಲ್ಲ. ಕೊನೆಗೆ ಯಾರೋ ಮೊಮ್ಮಕ್ಕಳು ಕೂತು ಕೇಳಿದಾಗ ಹೇಳಿದ್ದಾರೆ.

ಅದಕ್ಕೇ ನಿನ್ನ ಹತ್ತಿರ ಕೇಳುತ್ತಿದ್ದೇನೆ. ನಾನು ಬರುವುದು ಇನ್ನೂ ಏಳು ವಾರ. ಅಜ್ಜಿಗೆ ಈಗ ಎಂಬತ್ತನಾಲ್ಕು, ಏಳು ವಾರ ಸಣ್ಣದಲ್ಲ. ಮಧ್ಯಾಹ್ನ ನಿನ್ನ ಆಫೀಸಿನ ಕೆಲಸದ ನಡುವೆ ಬಿಡುವು ಸಿಗುತ್ತದಲ್ಲ, ಅವಳು ಕಾಫಿ ಕುಡಿದು ಬತ್ತಿಗೆ ಕೂರುವ ಹೊತ್ತು, ನೀನೂ ಹತ್ತಿ ಹಿಡಿದು ಕೂರು. ಫೋನಿನಲ್ಲಿ ರೆಕಾರ್ಡ್ ಮಾಡುತ್ತೇನೆ ಎಂದು ಹೇಳಿಯೇ ಮಾಡು, ಕದ್ದು ಮಾಡಬೇಡ. ತಮ್ಮನ ಮಾತನ್ನು ಮೊದಲೇ ಎತ್ತಬೇಡ. ಮನೆ ಹೇಗಿತ್ತು ಎಂದು ಕೇಳು. ಬಾಗಿಲು ಯಾವ ದಿಕ್ಕಿಗೆ, ಹೊಳೆಗೆ ಎಷ್ಟು ದೂರ, ಬೇಣದಲ್ಲಿ ಏನೇನು ಮರ, ದನಗಳ ಹೆಸರೇನು. ಒಲೆಯ ಹತ್ತಿರ ಬಂದಾಗ ಅವಳೇ ಹೇಳುತ್ತಾಳೆ. ಹೇಳದಿದ್ದರೆ ಆ ದಿನಕ್ಕೆ ಬಿಟ್ಟುಬಿಡು.

ಅವನನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದರು ಎಂದು ಕೇಳಿ ಬರೆದಿಡು. ನನಗೆ ಅವನ ಹೆಸರೂ ಗೊತ್ತಿಲ್ಲ.

ಕೊನೆಗೆ ಇದೊಂದನ್ನು ಅವಳಿಗೆ ಓದಿ ಹೇಳು, ನನ್ನ ಹೆಸರು ಹೇಳಿಯೇ ಓದು: ‘ಅಮ್ಮಾ, ಜಾತ್ರೆಯಲ್ಲಿ ಗದರಿದ್ದು ನನ್ನ ತಪ್ಪು. ಬರುವ ಮಾರಿಜಾತ್ರೆಗೆ ನಾನೂ ನಿನ್ನ ಜೊತೆ ಬರುತ್ತೇನೆ. ಬಲಗಿವಿ ನಾನೂ ನೋಡುತ್ತೇನೆ.’

ಇಲ್ಲಿ ಈಗ ರಾತ್ರಿ ಎರಡು ಗಂಟೆ. ನಿಮಗೆ ಮಧ್ಯಾಹ್ನವಾಗಿರುತ್ತದೆ, ಅವಳ ಊಟ ಆಗಿದೆಯೋ ಇಲ್ಲವೋ. ನಾಳೆಯಿಂದ ಅವಳ ತಟ್ಟೆಯನ್ನು ನಿನ್ನ ತಟ್ಟೆಯ ಪಕ್ಕ ಇಡು. ಬೇಡ ಅನ್ನುತ್ತಾಳೆ. ಆದರೂ ಇಡು.

ನಿನ್ನ ಅಮ್ಮ