ಹಗುರ ಕಾರಿಗೆ ವೀಲ್ ಹುಡುಕೋರಿಗೆ ತೂಕ ಹೇಳೋರೇ ಇಲ್ಲ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ವಾಹನ ಪುಟದಲ್ಲಿ ಅಲಾಯ್ ವೀಲ್ ಬಗ್ಗೆ ಬಂದ ಲೇಖನ ಓದಿದೆ. ಡಿಸೈನು, ಬಣ್ಣ, ಡೈಮಂಡ್ ಕಟ್, ಒಂದೆರಡು ಇಂಚು ದೊಡ್ಡದು ಹಾಕಿದ್ರೆ ಕಾರು ಹೆಂಗೆ ಕಾಣುತ್ತೆ ಎಲ್ಲಾ ಇತ್ತು, ಆದ್ರೆ ಒಂದು ವೀಲು ಎಷ್ಟು ಕೆಜಿ ತೂಗುತ್ತೆ ಅನ್ನೋದು ಇಡೀ ಪುಟದಲ್ಲಿ ಒಂದು ಕಡೆನೂ ಇರ್ಲಿಲ್ಲ. ಲೇಖನ ಬರೆದವರದ್ದೇ ತಪ್ಪು ಅಂತ ನಾನು ಹೇಳ್ತಿಲ್ಲ, ಮಾರೋರೂ ಹೇಳಲ್ಲ, ಕ್ಯಾಟಲಾಗಲ್ಲೂ ಬಹಳ ಸಲ ಇರಲ್ಲ. ಆದ್ರೆ ಹಗುರವಾದ ಸ್ಪೋರ್ಟ್ಸ್ ಕಾರು ಇಟ್ಕೊಂಡೋರಿಗೆ ಎಲ್ಲಕ್ಕಿಂತ ಮೊದಲು ಬೇಕಾಗಿರೋದು ಅದೇ ಸಂಖ್ಯೆ, ಅದಕ್ಕೇ ಈ ಪತ್ರ.

ನನ್ನ ಹತ್ರ ಇರೋದು ಮೊದಲನೇ ತಲೆಮಾರಿನ ಮಜ್ದಾ ಎಂಎಕ್ಸ್-5, 1989ರಲ್ಲಿ ಬಂತಲ್ಲ ಆ ಮಾಡೆಲ್, ಎರಡು ಸೀಟು, ಸಾವಿರ ಕೆಜಿ ಆಸುಪಾಸಿನ ಕಾರು. ಒಂದು ಗುಂಡಿಗೆ ಬಿದ್ದು ಮುಂದಿನ ಎಡಗಡೆ ವೀಲಿನ ಒಳ ಅಂಚು ಸೀಳಿಬಿಡ್ತು. ಹೊರಗಿಂದ ನೋಡಿದ್ರೆ ಏನೂ ಗೊತ್ತಾಗ್ತಿರ್ಲಿಲ್ಲ, ಎರಡು ದಿನಕ್ಕೊಮ್ಮೆ ಗಾಳಿ ಇಳೀತಿತ್ತು, ಪಂಕ್ಚರ್ ಅಂದ್ಕೊಂಡು ಟಯರ್ ಬಿಚ್ಚಿಸಿದಾಗಲೇ ಕೂದಲೆಳೆಯಷ್ಟು ಸೀಳು ಕಂಡಿದ್ದು. ವೆಲ್ಡ್ ಮಾಡ್ಕೊಡ್ತೀವಿ, ಹೊಸದರ ತರಾನೇ ಆಗುತ್ತೆ ಅಂತ ಇಬ್ಬರು ಹೇಳಿದ್ರು, ನಾನು ಒಪ್ಪಲಿಲ್ಲ. ಅಲ್ಯೂಮಿನಿಯಂ ಮಿಶ್ರಲೋಹದ ವೀಲಿಗೆ ಆ ಗಟ್ಟಿತನ ಬರೋದು ಹೀಟ್ ಟ್ರೀಟ್‌ಮೆಂಟಿಂದ, ವೆಲ್ಡಿಂಗ್ ಶಾಖಕ್ಕೆ ಸುತ್ತಮುತ್ತಲಿನ ಲೋಹ ಮೆತ್ತಗಾಗುತ್ತೆ, ಮೇಲೆ ಪಾಲಿಶ್ ಹೊಡೆದ್ರೆ ನೋಡೋಕೆ ಹೊಸದೇ, ಆದ್ರೆ ಮುಂದಿನ ಗುಂಡಿಲಿ ಅದೇ ಜಾಗದ ಪಕ್ಕದಲ್ಲೇ ಬಿಡುತ್ತೆ. ಗೀರು, ತರಚು ಸರಿ ಮಾಡಿಸ್ಕೊಳ್ಳಿ ಪರವಾಗಿಲ್ಲ, ಸೀಳಿದ ವೀಲನ್ನ ಮಾತ್ರ ಮತ್ತೆ ರೋಡಿಗೆ ತರಬಾರ್ದು.

ಸರಿ ಅದೇ ತರದ ಒಂದು ವೀಲು ಸಿಕ್ಕಿದ್ರೆ ಸಾಕು ಅಂತ ಹುಡುಕೋಕೆ ಶುರು ಮಾಡ್ದೆ. 14 ಇಂಚು, 5.5ಜೆ ಅಗಲ (ಅಂದ್ರೆ ಐದೂವರೆ ಇಂಚು), ಆಫ್‌ಸೆಟ್ 45 (ಹಬ್ಬಿಗೆ ತಾಗೋ ಮುಖ ವೀಲಿನ ನಡುಗೆರೆಯಿಂದ ಎಷ್ಟು ಮಿ.ಮೀ. ಹೊರಗಿದೆ ಅನ್ನೋದು; ಹಬ್ ಅಂದ್ರೆ ವೀಲ್ ಕೂರೋ ಕಾರಿನ ಭಾಗ), ನಾಲ್ಕು ನಟ್ಟು 100 ಮಿ.ಮೀ. ಪಿಸಿಡಿ (ನಟ್ಟಿನ ತೂತುಗಳ ವೃತ್ತದ ವ್ಯಾಸ, ಚಿಕ್ಕದಾಗಿ 4x100 ಅಂತ ಬರೀತಾರೆ), ನಡುವಿನ ತೂತು 54.1 ಮಿ.ಮೀ. ಇಷ್ಟೂ ಹೇಳಿದ್ರೂ ಸಿಗ್ತಿದ್ದ ಉತ್ತರ ಒಂದೇ, "ಎಂಎಕ್ಸ್-5 ವೀಲ್ ತಾನೆ, ಇದೆ ತಗೊಳ್ಳಿ". ಹೆಸರು ಒಂದೇ ಆದ್ರೂ ವೀಲು ಒಂದೇ ಅಲ್ಲ ಅನ್ನೋದು ಮಾರೋರಿಗೇ ಗೊತ್ತಿರಲ್ಲ. ಮೊದಲ ಎರಡು ತಲೆಮಾರು 4x100, 2005ರಲ್ಲಿ ಬಂದ ಮೂರನೇದು ಐದು ನಟ್ಟಿನ 5x114.3, 2015ರಲ್ಲಿ ಬಂದ ನಾಲ್ಕನೇದು ಮತ್ತೆ 4x100. ನಾಲ್ಕನೇದರ ವೀಲು ನನ್ನ ಹಬ್ಬಿಗೇನೋ ಕೂರುತ್ತೆ, ಆದ್ರೆ ಅದರಲ್ಲಿ ಚಿಕ್ಕದೇ 16 ಇಂಚು, ಅದರ ಜೊತೆ ಬರೋ 195/50 ಆರ್16 ಟಯರಿನ ಒಟ್ಟು ವ್ಯಾಸ 601 ಮಿ.ಮೀ., ನನ್ನ 185/60 ಆರ್14ದು 578. ಶೇಕಡಾ 4 ದೊಡ್ಡದಾಯ್ತು, ಸ್ಪೀಡೋಮೀಟರ್ ಕಮ್ಮಿ ತೋರಿಸುತ್ತೆ, ಗೇರಿಂಗ್ ಉದ್ದ ಆಗುತ್ತೆ, ಮೊದಲೇ ಸಣ್ಣ ಇಂಜಿನ್ನು, ಎಳೆಯೋದು ಮಂಕಾಗುತ್ತೆ. ಲೋಟಸ್ ಎಲಿಸ್ ಇರೋರ ಕಷ್ಟ ಇನ್ನೂ ಒಂದು ಕೈ ಮೇಲು, ಅದರ ಮೊದಲ ಮಾಡೆಲ್ಲಲ್ಲಿ ಮುಂದೆ 15 ಇಂಚು ಹಿಂದೆ 16, ಎರಡನೇದರಲ್ಲಿ ಮುಂದೆ 16 ಹಿಂದೆ 17, ನಾಲ್ಕೂ ಒಂದೇ ಸೈಜಿನ ಸೆಟ್ ತಂದು ಹಾಕಂಗೇ ಇಲ್ಲ.

ಇಲ್ಲಿ ನಾನು ಮಾಡ್ಕೊಂಡ ಎಡವಟ್ಟನ್ನೂ ಹೇಳ್ಬೇಕು, ಯಾಕಂದ್ರೆ ಇದು ಪ್ರಾಣಕ್ಕೇ ಬರೋ ವಿಷ್ಯ. ಒಂಟಿ ವೀಲು ಸಿಗದೆ ಬೇಸತ್ತು, ಬೇರೆ ಕಂಪನಿ ಕಾರಿನ ಸೆಕೆಂಡ್ ಹ್ಯಾಂಡ್ ಸೆಟ್ಟೊಂದು ತಗೊಂಡೆ. ಅದೂ 4x100, ಆಫ್‌ಸೆಟ್ಟೂ 45, ಅಂಗಡಿಯವರು ನಟ್ ಬಿಗಿದು ಕಳಿಸಿದ್ರು. ಗಂಟೆಗೆ ಎಂಬತ್ತು ದಾಟಿದ ಕೂಡ್ಲೇ ಸ್ಟೀರಿಂಗ್ ಗಡಗಡ ನಡುಗೋದು. ಬ್ಯಾಲೆನ್ಸಿಂಗ್ ಮಾಡಿಸಿದೆ, ಇನ್ನೊಂದು ಕಡೆ ಮತ್ತೆ ಮಾಡಿಸಿದೆ, ಅಲೈನ್‌ಮೆಂಟ್ ಮಾಡಿಸಿದೆ, ನಡುಕ ಹೋಗ್ಲಿಲ್ಲ. ಕೊನೆಗೆ ಮನೇಲೇ ಜಾಕ್ ಹಾಕಿ ವೀಲ್ ಬಿಚ್ಚಿ ಕ್ಯಾಲಿಪರ್ ಹಿಡಿದು ಅಳೆದ್ರೆ ನಡುವಿನ ತೂತು 56.1 ಮಿ.ಮೀ., ನನ್ನ ಹಬ್ಬು 54.1. ಸುತ್ತ ಒಂದೊಂದು ಮಿ.ಮೀ. ಸಂದು, ವೀಲು ಹಬ್ ಮೇಲೆ ಕೂತೇ ಇಲ್ಲ, ನಟ್ಟುಗಳ ಮೇಲೆ ನೇತಾಡ್ತಿದೆ. ಅದಕ್ಕಿಂತ ಗಾಬರಿ ಆಗಿದ್ದು ಏನಂದ್ರೆ ಎರಡು ನಟ್ಟು ಬರಿಗೈಲಿ ತಿರುಗೋಷ್ಟು ಸಡಿಲ ಆಗಿದ್ವು.

ನಟ್ ಸಡಿಲ ಆಗಿದ್ದಕ್ಕೆ ಕಾರಣ ನಟ್ಟಿನ ಸೀಟು. ಮಜ್ದಾದಲ್ಲಿ ನಟ್ಟು ಕೂರೋ ಜಾಗ ಶಂಕುವಿನಾಕಾರ, 60 ಡಿಗ್ರಿ. ಹೋಂಡಾ ಕಂಪನಿ ವೀಲುಗಳಲ್ಲಿ ಅದು ಗೋಳಾಕಾರ, ಬಾಲ್ ಸೀಟ್ ಅಂತಾರೆ. ಟೊಯೋಟಾ ಅಲಾಯ್‌ಗಳಲ್ಲಿ ಎಷ್ಟೋ ಕಡೆ ವಾಷರ್ ಇರೋ ಚಪ್ಪಟೆ ಸೀಟು. ಇವನ್ನ ಅದಲುಬದಲು ಮಾಡಿದ್ರೆ ನಟ್ಟು ಪೂರ್ತಿ ಮೈ ತಾಗಿಸ್ಕೊಂಡು ಕೂರಲ್ಲ, ತೆಳ್ಳಗಿನ ಒಂದು ಗೆರೆ ಮೇಲೆ ಮಾತ್ರ ಒತ್ತುತ್ತೆ, ಟಾರ್ಕ್ ರೆಂಚಲ್ಲಿ ಬಿಗಿದಾಗ ಸರಿಯಾಗೇ ಟಕ್ ಅನ್ನುತ್ತೆ, ಓಡ್ತಾ ಓಡ್ತಾ ಆ ಗೆರೆ ಸವೆದು ಬಿಗಿ ಹೋಗುತ್ತೆ. ಸುಜುಕಿಯಲ್ಲಿ ಇನ್ನೊಂದು, ನಡುವಿನ ತೂತು 54.1 ಸರಿ ಹೋದ್ರೂ ನಟ್ಟಿನ ಥ್ರೆಡ್ 1.25 ಪಿಚ್ (ಒಂದು ಸುತ್ತಿನಿಂದ ಇನ್ನೊಂದು ಸುತ್ತಿಗೆ ಅಷ್ಟು ಮಿ.ಮೀ.), ಮಜ್ದಾದ್ದು 1.5, ವೀಲ್ ಜೊತೆ ಬಂದ ನಟ್ಟನ್ನೇ ಇಂಪ್ಯಾಕ್ಟ್ ಗನ್ನಲ್ಲಿ ಹೊಡೆದ್ರೆ ಸ್ಟಡ್ಡೇ ಹಾಳು. ಹಳೇ ಫಿಯೆಟ್ ವೀಲುಗಳ ಪಿಸಿಡಿ 4x98, ಕಣ್ಣಿಗೆ 100ರ ತರಾನೇ ಕಾಣುತ್ತೆ, ಒತ್ತಿ ಬಿಗಿದ್ರೆ ಹೋಗೂ ಹೋಗುತ್ತೆ, ಆದ್ರೆ ಒಂದು ನಟ್ಟೂ ನೆಟ್ಟಗೆ ಕೂತಿರಲ್ಲ. ಯಾರಾದ್ರೂ "ಪಿಸಿಡಿ ಮ್ಯಾಚ್ ಆಯ್ತಲ್ಲ ಇನ್ನೇನು" ಅಂದ್ರೆ ದಯವಿಟ್ಟು ಅಲ್ಲಿಗೇ ನಿಲ್ಲಿಸ್ಬೇಡಿ, ತೂತು ಕೇಳಿ, ಸೀಟ್ ಕೇಳಿ, ಥ್ರೆಡ್ ಕೇಳಿ. ತೂತು ದೊಡ್ಡದಿದ್ರೆ ಆ ಸಂದು ತುಂಬೋ ಸರಿಯಾದ ಅಳತೆಯ ಹಬ್ ರಿಂಗ್ ಸಿಗುತ್ತೆ, ಅದು ದೊಡ್ಡ ಸಮಸ್ಯೆ ಅಲ್ಲ, ಯಾರೂ ಹೇಳದೇ ಇದ್ದಿದ್ದೇ ಸಮಸ್ಯೆ.

ಆಫ್‌ಸೆಟ್ ಬಗ್ಗೆನೂ ಇದೇ ಉದಾಸೀನ. ಒಬ್ಬರು 7ಜೆ ಅಗಲ, ಆಫ್‌ಸೆಟ್ 20 ಇರೋ ಸೆಟ್ ತೋರಿಸಿ ನಿಮ್ಮ ಕಾರಿಗೆ ಪಕ್ಕಾ ಸೂಟ್ ಆಗುತ್ತೆ ಅಂದ್ರು. ಪೇಪರ್ ತಗೊಂಡು ಲೆಕ್ಕ ಹಾಕಿದೆ. ಅಗಲ ಒಂದೂವರೆ ಇಂಚು ಜಾಸ್ತಿ ಅಂದ್ರೆ 38 ಮಿ.ಮೀ., ಅದರಲ್ಲಿ ಅರ್ಧ 19 ಹೊರಗೆ, ಆಫ್‌ಸೆಟ್ 45ರಿಂದ 20ಕ್ಕೆ ಇಳಿದಿದ್ದು ಇನ್ನೊಂದು 25, ಒಟ್ಟು 44 ಮಿ.ಮೀ. ಹೊರಗೆ ಬರುತ್ತೆ. ಫೆಂಡರಿಗೆ ಉಜ್ಜೋದು ಒಂದು ಕಡೆ ಇರ್ಲಿ, ಬೇರಿಂಗ್ ಮೇಲೆ ಭಾರ ಬೀಳೋ ಜಾಗನೇ ಬದಲಾಗುತ್ತೆ, ಸ್ಟೀರಿಂಗಿನ ಸ್ಕ್ರಬ್ ರೇಡಿಯಸ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗೋ ಅಕ್ಷ ನೆಲ ಮುಟ್ಟೋ ಜಾಗಕ್ಕೂ ಟಯರಿನ ನಡುವಿಗೂ ಇರೋ ದೂರ) ಕೆಟ್ಟು ರೋಡಿನ ಪ್ರತಿ ಏರಿಳಿತಕ್ಕೂ ಕೈಯಲ್ಲಿ ಎಳೆಯುತ್ತೆ. ಈ ಲೆಕ್ಕ ಮಾಡೋಕೆ ಇಂಜಿನಿಯರ್ ಆಗ್ಬೇಕಿಲ್ಲ, ಕೂಡೋದು ಕಳೆಯೋದು ಬಂದ್ರೆ ಸಾಕು, ಆದ್ರೆ ಸಂಖ್ಯೆ ಕೈಗೆ ಸಿಗ್ಬೇಕಲ್ಲ.

ಈಗ ತೂಕಕ್ಕೆ ಬರ್ತೀನಿ. ನನ್ನ ಒರಿಜಿನಲ್ ವೀಲು ತೂಕ ಮಾಡಿ ನೋಡಿದಾಗ ಐದೂವರೆ ಕೆಜಿ ಆಸುಪಾಸು ಬಂತು, ಟಯರ್ ಬಿಟ್ಟು. ನೋಡೋಕೆ ಸಾದಾ, ಆದ್ರೆ ಹಗುರ ಹಗುರ ಅಂತಾನೇ ಯೋಚನೆ ಮಾಡಿ ಮಾಡಿದ ಕಾರಿಗೆ ತಕ್ಕ ವೀಲು. ಅಂಗಡಿಗಳಲ್ಲಿ 17 ಇಂಚಿನ ಸಾಮಾನ್ಯ ಎರಕದ ವೀಲುಗಳನ್ನ ಎತ್ತಿ ನೋಡಿದ್ರೆ ಒಂಬತ್ತು ಹತ್ತು ಕೆಜಿ. ಒಂದಕ್ಕೆ ನಾಲ್ಕು ಕೆಜಿ ಅಂದ್ರೂ ನಾಲ್ಕಕ್ಕೆ 16 ಕೆಜಿ, ಅದೂ ಸ್ಪ್ರಿಂಗಿನ ಕೆಳಗಡೆ. ಎರಡು ಟನ್ ಕಾರಲ್ಲಿ ಇದು ಗೊತ್ತಾಗಲ್ಲ, ಸಾವಿರ ಕೆಜಿ ಕಾರಲ್ಲಿ ಕೂತ ಕೂಡ್ಲೇ ಗೊತ್ತಾಗುತ್ತೆ. ಕಾರಿನ ಮೈ ಹಗುರ ಇದ್ದು ಚಕ್ರ ಭಾರ ಆದ್ರೆ, ಉಬ್ಬು ಸಿಕ್ಕಾಗ ಚಕ್ರ ಕಾರನ್ನ ಎತ್ತಿ ಕುಕ್ಕುತ್ತೆ, ಶಾಕ್ ಅಬ್ಸಾರ್ಬರಿಗೆ ಅದನ್ನ ಹಿಡಿಯೋಕೆ ಆಗಲ್ಲ, ತಿರುವಿನ ಮಧ್ಯ ಟಯರು ರೋಡ್ ಬಿಟ್ಟು ಕುಣಿಯುತ್ತೆ. ತಿರುಗೋ ತೂಕ ಒಂದು ಕೆಜಿ ಇದ್ರೆ ಎರಡು ಕೆಜಿಗೆ ಸಮ, ನಾಲ್ಕಕ್ಕೆ ಸಮ ಅಂತ ಜನ ಹೇಳ್ತಿರ್ತಾರೆ, ಅಷ್ಟಿಲ್ಲ, ಲೆಕ್ಕ ಹಾಕಿದ್ರೆ ರಿಮ್ಮಿನ ತೂಕ ವೇಗ ಏರಿಸುವಾಗ ಹೆಚ್ಚುಕಮ್ಮಿ ಒಂದೂವರೆ ಪಟ್ಟು ಅನ್ನಬಹುದು, ಟಯರಿನ ಹೊರ ಅಂಚು ಮಾತ್ರ ಎರಡು ಪಟ್ಟಿನ ಹತ್ರ ಹೋಗುತ್ತೆ. ಅಷ್ಟಾದ್ರೂ ಅದು ಸಣ್ಣದಲ್ಲ. ಈ ಕಾರು ಮಾಡಿದವರು ಜಿನ್ಬಾ ಇತ್ತಾಯ್ ಅಂತ ಒಂದು ಜಪಾನೀ ಮಾತು ಇಟ್ಕೊಂಡಿದ್ರು, ಸವಾರ ಕುದುರೆ ಎರಡೂ ಒಂದೇ ಜೀವ ಅನ್ನೋ ಅರ್ಥ. ಆ ಕುದುರೆ ಕಾಲಿಗೆ ನಾವೇ ಗುಂಡುಕಲ್ಲು ಕಟ್ಟಿ ಓಡು ಅಂತಿದೀವಿ, ಅದು ನಂಗೆ ನಿಜಕ್ಕೂ ಸಂಕಟ ಆಗೋ ವಿಷ್ಯ.

ಹಂಗಂತ ಹಗುರ ಇದ್ರೆ ಸಾಕು ಅಂತಾನೂ ಅಲ್ಲ. ಹೆಸರಾಂತ ಡಿಸೈನುಗಳ ನಕಲು ಮಾಲು ಬೇಕಾದಷ್ಟು ಬರುತ್ತೆ, ಅದರಲ್ಲಿ ಎರಕ ಹೊಯ್ಯುವಾಗ ಒಳಗೆ ಗಾಳಿಗುಳ್ಳೆ ನಿಂತಿದ್ರೆ ಕಣ್ಣಿಗೆ ಕಾಣಲ್ಲ. ವೀಲ್ ತಿರುಗಿಸಿ ಹಿಂಭಾಗ ನೋಡ್ಬೇಕು, ಒಳ್ಳೇ ವೀಲಲ್ಲಿ ಸೈಜು, ಆಫ್‌ಸೆಟ್ಟು, ತಯಾರಾದ ದಿನಾಂಕ, ಬಹಳಷ್ಟರಲ್ಲಿ ಎಷ್ಟು ಕೆಜಿ ಭಾರ ಹೊರುತ್ತೆ ಅನ್ನೋದೂ ಅಚ್ಚಾಗಿರುತ್ತೆ. ಜೆಡಬ್ಲ್ಯುಎಲ್ ಅನ್ನೋ ಗುರುತು ಇದ್ರೆ ಅದು ಜಪಾನಿನ ಮಾನದಂಡ, ಬಾಗಿಸಿ ತಿರುಗಿಸೋ ಪರೀಕ್ಷೆ, ಭಾರ ಹೊರಿಸಿ ಓಡಿಸೋ ಪರೀಕ್ಷೆ, ಗುದ್ದಿಸೋ ಪರೀಕ್ಷೆ ಮೂರೂ ಅದರಲ್ಲಿದೆ. ಆದ್ರೆ ಆ ಗುರುತನ್ನ ತಯಾರಕರು ತಾವೇ ಹಾಕ್ಕೋಬಹುದು, ಪಕ್ಕದಲ್ಲಿ ವಿಐಎ ಅಂತನೂ ಇದ್ರೆ ಹೊರಗಿನ ಸಂಸ್ಥೆ ಪರೀಕ್ಷೆ ಮಾಡಿ ನೋಂದಾಯಿಸಿದೆ ಅಂತ. ಏನೂ ಬರೆದಿಲ್ಲದ ವೀಲು ಎಷ್ಟೇ ಚೆಂದ ಇರ್ಲಿ ನಾನಂತೂ ಮುಟ್ಟಲ್ಲ.

ಹಗುರ ಮತ್ತು ಗಟ್ಟಿ ಎರಡೂ ಬೇಕಂದ್ರೆ ಫೋರ್ಜ್ ಮಾಡಿದ್ದು, ಅಂದ್ರೆ ಎರಕ ಹೊಯ್ಯದೆ ಭಾರೀ ಒತ್ತಡದಲ್ಲಿ ಒತ್ತಿ ಮಾಡಿದ್ದು ಒಳ್ಳೇದು, ಅದು ದುಬಾರಿ. ಅದರ ಕೆಳಗೆ ಫ್ಲೋ ಫಾರ್ಮ್ ಅಂತ ಬರುತ್ತೆ, ಎರಕ ಹೊಯ್ದು ಆಮೇಲೆ ರಿಮ್ಮಿನ ಭಾಗನ ಬಿಸಿ ಮಾಡಿ ತಿರುಗಿಸ್ತಾ ರೋಲರಲ್ಲಿ ಒತ್ತಿ ಉದ್ದ ಎಳೀತಾರೆ, ಲೋಹ ತೆಳ್ಳಗಾದ್ರೂ ಬಲ ಬರುತ್ತೆ. ನಾನು ಕೊನೆಗೆ ತಗೊಂಡಿದ್ದು ಅದನ್ನೇ, 15 ಇಂಚು, 6.5ಜೆ, ಆಫ್‌ಸೆಟ್ 38. ಹಳೇದಕ್ಕಿಂತ ಹೊರಗೆ 20 ಮಿ.ಮೀ., ಒಳಗೆ 6 ಮಿ.ಮೀ., ಎಲ್ಲೂ ತಾಗಲ್ಲ. ಒಂದೊಂದೂ ಐದು ಕೆಜಿಗೆ ಸ್ವಲ್ಪ ಒಳಗೇ ಇದೆ. 15 ಯಾಕೆ ಅಂದ್ರೆ 14 ಇಂಚಿಗೆ ಒಳ್ಳೇ ಹಿಡಿತ ಇರೋ ಟಯರುಗಳು ಸಿಗೋದು ಕಷ್ಟ ಆಗ್ತಾ ಇದೆ, 195/50 ಆರ್15 ಹಾಕಿದ್ರೆ ಒಟ್ಟು ವ್ಯಾಸ 576 ಮಿ.ಮೀ., ಹಳೇದಕ್ಕೂ ಇದಕ್ಕೂ ಎರಡು ಮಿ.ಮೀ. ಅಷ್ಟೇ ವ್ಯತ್ಯಾಸ, ಸ್ಪೀಡೋಮೀಟರ್ ತಂಟೆನೇ ಇಲ್ಲ. ಹಾಕಿ ನೂರು ಕಿ.ಮೀ. ಆದ್ಮೇಲೆ ನಟ್ಟುಗಳನ್ನ ಮತ್ತೊಂದ್ಸಲ ಟಾರ್ಕ್ ರೆಂಚಲ್ಲಿ ನೋಡ್ದೆ, ಹಿಂದಿನ ಅನುಭವದ ಭಯ ಇನ್ನೂ ಹೋಗಿಲ್ಲ.

ಇಷ್ಟಕ್ಕೆಲ್ಲಾ ನಂಗೆ ಏಳು ತಿಂಗಳು ಬೇಕಾಯ್ತು ಸಂಪಾದಕರೇ, ಅದರಲ್ಲಿ ಆರು ತಿಂಗಳು ಹೋಗಿದ್ದು ವೀಲ್ ಹುಡುಕೋಕಲ್ಲ, ಅಳತೆ ಹುಡುಕೋಕೆ. ನಿಮ್ಮಲ್ಲಿ ನನ್ನ ಬೇಡಿಕೆ ಒಂದೇ. ಇನ್ಮೇಲೆ ವಾಹನ ಪುಟದಲ್ಲಿ ಯಾವುದೇ ಕಾರಿನ ಬಗ್ಗೆ, ವೀಲಿನ ಬಗ್ಗೆ ಬರೆದಾಗ ಫೋಟೋ ಪಕ್ಕ ಸಣ್ಣ ಚೌಕ ಒಂದು ಹಾಕಿ, ಅದರಲ್ಲಿ ತೂಕ, ಅಗಲ, ಆಫ್‌ಸೆಟ್, ಪಿಸಿಡಿ, ನಡುವಿನ ತೂತು, ನಟ್ಟಿನ ಸೀಟು, ಹೊರೋ ಭಾರ ಇಷ್ಟು ಕೊಡಿ. ನೀವು ಕೇಳಿದ್ರೆ ಕಂಪನಿಗಳು ಕೊಡ್ತಾರೆ, ನಾವು ಕೇಳಿದ್ರೆ ಕೊಡಲ್ಲ. ಹುಡುಕಾಟದಲ್ಲಿ ನಾನು ಸ್ವತಃ ತೂಕ ಮಾಡಿ, ಕ್ಯಾಲಿಪರ್ ಇಟ್ಟು ಅಳೆದು ಬರ್ಕೊಂಡ ವೀಲುಗಳ ಪಟ್ಟಿ ಒಂದು ನೋಟ್‌ಬುಕ್ಕಲ್ಲಿದೆ, ಉಪಯೋಗ ಆಗುತ್ತೆ ಅನ್ನಿಸಿದ್ರೆ ತಿಳಿಸಿ, ಪ್ರತಿ ಮಾಡಿ ಕಳಿಸ್ತೀನಿ.

ಇಂತಿ,
ನಿಮ್ಮ ಓದುಗ