ಬ್ಯಾಟರಿ ಬದಲಿಸುವ ಮುನ್ನ ದೋಣಿಯ ವೈರು ನೋಡಿ

ಮಾನ್ಯ ಸಂಪಾದಕರೇ,

ದೋಣಿಯ ದೀಪ ಮಂಕಾದರೆ, ಎಂಜಿನ್ ಸ್ಟಾರ್ಟ್ ಮಾಡುವಾಗ ಬರೀ ‘ಟಕ್ ಟಕ್’ ಸದ್ದು ಬಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಬ್ಯಾಟರಿ ಹೋಯಿತು, ಹೊಸದು ಹಾಕಿಸಿ. ಹೋಗಿರಲೂಬಹುದು. ಆದರೆ ನೀರಿನ ಮೇಲಿನ 12 ವೋಲ್ಟ್ ವ್ಯವಸ್ಥೆಯಲ್ಲಿ ಎಷ್ಟೋ ಸಲ ಬ್ಯಾಟರಿ ಗಟ್ಟಿಯಾಗಿಯೇ ಇರುತ್ತದೆ, ಕೆಟ್ಟಿರುವುದು ಜೋಡಣೆ.

ಗೊತ್ತುಮಾಡಿಕೊಳ್ಳಲು ವೋಲ್ಟೇಜ್ ಅಳೆಯುವ ಒಂದು ಮಲ್ಟಿಮೀಟರ್ ಸಾಕು. ಚಾರ್ಜಿಂಗ್ ನಿಲ್ಲಿಸಿ, ಎಲ್ಲ ಸ್ವಿಚ್ ಆರಿಸಿ, ಕೆಲವು ತಾಸು ಬಿಟ್ಟು ಅಳೆಯಿರಿ. ತುಂಬಿದ ಲೆಡ್-ಆಸಿಡ್ ಬ್ಯಾಟರಿ 12.7 ವೋಲ್ಟ್ ಆಸುಪಾಸು ತೋರಿಸುತ್ತದೆ; 12.2 ಎಂದರೆ ಅರ್ಧ ಖಾಲಿ. ಎಂಜಿನ್ ನಿಲ್ಲಿಸಿದ ಕೂಡಲೇ ಅಳೆದು 13 ಇದೆ ಎಂದು ಹಿಗ್ಗಬೇಡಿ, ಅದು ಬರೀ ಮೇಲಿನ ನೊರೆ.

ಈಗ ದೀಪ ಹಚ್ಚಿ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್ ಕಂಬದ ಮೇಲೂ ಇನ್ನೊಂದನ್ನು ದೀಪದ ಪಾಸಿಟಿವ್ ಟರ್ಮಿನಲ್ ಮೇಲೂ ಇಡಿ. ಕಾಣುವ ಅಂಕಿಯೇ ದಾರಿಯಲ್ಲಿ ಕಳೆದುಹೋದ ವೋಲ್ಟೇಜ್. ನೆಗೆಟಿವ್ ಕಡೆಯನ್ನೂ ಹೀಗೇ ಅಳೆಯಿರಿ. ನ್ಯಾವಿಗೇಷನ್ ದೀಪ, ದೋಣಿಯ ತಳದಲ್ಲಿ ನಿಂತ ನೀರು ಹೊರಹಾಕುವ ಬಿಲ್ಜ್ ಪಂಪ್‌ನಂಥವಕ್ಕೆ ಎರಡೂ ಸೇರಿ ಶೇ 3, ಅಂದರೆ 0.36 ವೋಲ್ಟ್ ಮೀರಬಾರದು. ಮೀರಿದ್ದರೆ ದೀಪದ ಕಡೆಯ ಕಡ್ಡಿಯನ್ನು ಸ್ವಿಚ್ಚಿಗೆ, ಅಲ್ಲಿಂದ ಫ್ಯೂಸಿಗೆ, ಹೀಗೆ ಬ್ಯಾಟರಿಯತ್ತ ಹಿಂದೆ ಸರಿಸುತ್ತ ಬನ್ನಿ. ಅಂಕಿ ಎಲ್ಲಿ ದಿಢೀರನೆ ಇಳಿಯಿತೋ, ಆಗಷ್ಟೇ ದಾಟಿಬಂದ ಜಾಗದಲ್ಲೇ ಕಾಯಿಲೆ ಇದೆ. ಸ್ಟಾರ್ಟರ್ ತಿರುಗಿಸುವಾಗ ಬ್ಯಾಟರಿಯ ಸೀಸದ ಕಂಬಕ್ಕೂ ಅದರ ಕ್ಲ್ಯಾಂಪಿಗೂ ನಡುವೆಯೇ ಅರ್ಧ ವೋಲ್ಟ್ ಕಂಡರೆ ಕ್ಲ್ಯಾಂಪ್ ಬಿಚ್ಚಿ, ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿ. ನೆಗೆಟಿವ್ ಮೊದಲು ಬಿಚ್ಚಬೇಕು, ಕೊನೆಗೆ ಕಟ್ಟಬೇಕು. ಇಲ್ಲದಿದ್ದರೆ ಪಾಸಿಟಿವ್ ಮೇಲಿರುವ ಸ್ಪ್ಯಾನರ್ ಎಂಜಿನ್ನಿಗೆ ತಾಗಿದರೆ ಸ್ಪ್ಯಾನರೇ ಕೆಂಡವಾಗುತ್ತದೆ.

ಅನುಮಾನ ಬಂದ ವೈರಿನ ತುದಿಯನ್ನು ಒಂದಿಂಚು ಸುಲಿದು ನೋಡಿ. ತಾಮ್ರ ಕೆಂಪಗೆ ಹೊಳೆಯಬೇಕಾದಲ್ಲಿ ಎಳೆಗಳು ಕಪ್ಪಾಗಿ, ಹಸಿರು ಕಿಲುಬು ಉದುರಿದರೆ ಆ ತುದಿಯನ್ನಷ್ಟೇ ಕತ್ತರಿಸಿ ಪ್ರಯೋಜನವಿಲ್ಲ. ಬತ್ತಿಗೆ ಎಣ್ಣೆ ಏರಿದ ಹಾಗೆ ಉಪ್ಪುನೀರು ಎಳೆಗಳ ಸಂದಿನಲ್ಲಿ ದೂರದ ತನಕ ಏರಿರುತ್ತದೆ. ತವರ ಲೇಪಿಸಿದ ಬಹು ಎಳೆಯ ತಾಮ್ರದ ವೈರನ್ನೇ ಹಾಕಬೇಕೆನ್ನುವುದು ಇದಕ್ಕೆ. ಮನೆ ವೈರಿಂಗಿನ ಒಂಟಿ ತಂತಿ ಎಂಜಿನ್ ಅದುರಿಗೆ ಮುರಿದೇ ಮುರಿಯುತ್ತದೆ.

ವೈರಿನ ದಪ್ಪ ಇನ್ನೊಂದು ತಕರಾರು. 5 ಮೀಟರ್ ದೂರದ 10 ಆಂಪಿಯರ್ ಪಂಪಿಗೆ ಹೋಗಿಬರುವ ದಾರಿ 10 ಮೀಟರ್. 2.5 ಚದರ ಮಿ.ಮೀ. ವೈರಿನಲ್ಲಿ ಸುಮಾರು 0.7 ವೋಲ್ಟ್ ಹಾದಿಯಲ್ಲೇ ಕರಗುತ್ತದೆ; 6 ಚದರ ಮಿ.ಮೀ. ಹಾಕಿದರೆ 0.3. ಮನೆಯ 230 ವೋಲ್ಟಿನಲ್ಲಿ 0.7 ಲೆಕ್ಕಕ್ಕಿಲ್ಲ, 12ರಲ್ಲಿ ಪಂಪು ಏದುಸಿರು ಬಿಡುತ್ತದೆ.

ಫ್ಯೂಸು ಕಾಯುವುದು ವೈರನ್ನು, ದೀಪವನ್ನಲ್ಲ. ಅದಕ್ಕೇ ಅದು ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ ಇರಬೇಕು. ಪ್ಯಾನೆಲ್ಲಿನಲ್ಲಿದ್ದರೆ ಅಲ್ಲಿಯವರೆಗಿನ ವೈರಿಗೆ ರಕ್ಷಣೆಯೇ ಇಲ್ಲ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ಎಂಬ ಧೈರ್ಯ ಬೇಡ. ಶಾರ್ಟ್ ಆದಾಗ ನೂರಾರು ಆಂಪಿಯರ್ ಹರಿದು ವೈರಿಗೆ ಬೆಂಕಿ ಹತ್ತುತ್ತದೆ.

ಎಂಜಿನ್ ಸ್ಟಾರ್ಟಿಗೆ ಒಂದು, ದೀಪ-ಫ್ರಿಜ್ಜಿಗೆ ಇನ್ನೊಂದು ಬ್ಯಾಟರಿ ಬೇರೆಯೇ ಇರಲಿ. ಸ್ಟಾರ್ಟಿಂಗ್ ಬ್ಯಾಟರಿಯ ತೆಳು ಪ್ಲೇಟುಗಳು ಮತ್ತೆ ಮತ್ತೆ ಆಳಕ್ಕೆ ಬರಿದಾಗುವುದನ್ನು ತಾಳುವುದಿಲ್ಲ. ಅದನ್ನು ತಾಳಲೆಂದೇ ಮಾಡಿದ ಡೀಪ್ ಸೈಕಲ್‌ನದಾದರೂ ಅರ್ಧಕ್ಕಿಂತ ಕೆಳಗಿಳಿಸಿದಷ್ಟೂ ಆಯಸ್ಸು ಕಡಿಮೆ. 4 ಆಂಪಿಯರ್ ಎಳೆಯುವ ಫ್ರಿಜ್ಜು ದಿನದಲ್ಲಿ 12 ತಾಸು ಓಡಿದರೆ 48 ಆಂಪಿಯರ್-ಅವರ್, ಅಂದರೆ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಬಳಸಬಹುದಾದ ಅರ್ಧ ಪಾಲು ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು.

ನೀರು ಏರಿದಾಗ ಬಿಲ್ಜ್ ಪಂಪನ್ನು ತಾನೇ ಚಾಲೂ ಮಾಡುವ ಫ್ಲೋಟ್ ಸ್ವಿಚ್ಚಿಗೆ ಮೇನ್ ಸ್ವಿಚ್ಚಿನ ಹಂಗು ಬೇಡ, ಅದರದೇ ಫ್ಯೂಸಿನ ಮೂಲಕ ನೇರ ಬ್ಯಾಟರಿಯಿಂದ ಬರಲಿ. ಮೇನ್ ಆರಿಸಿ ಎಲ್ಲರೂ ಇಳಿದುಹೋದ ಮೇಲೂ ನೀರು ಒಸರುತ್ತಲೇ ಇರುತ್ತದೆ. ಎಂಜಿನ್ ಓಡುತ್ತಿರುವಾಗಲಂತೂ ಮೇನ್ ಆರಿಸಲೇಬೇಡಿ, ಎಂಜಿನ್ನಿನಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಡಯೋಡ್ ಸುಟ್ಟೀತು.

ಲಿಥಿಯಂ ಬ್ಯಾಟರಿ ಹಾಕಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಲಿಥಿಯಂ ಕೊಟ್ಟಷ್ಟೂ ಕರೆಂಟು ಹೀರುವುದರಿಂದ ಸಾಮಾನ್ಯ ಆಲ್ಟರ್ನೇಟರ್ ಕಾದು ಕೆಡುತ್ತದೆ. ನಡುವೆ ಕರೆಂಟಿಗೆ ಮಿತಿ ಹಾಕುವ ಡಿಸಿ-ಡಿಸಿ ಚಾರ್ಜರ್ ಬೇಕು. ಹಳೆಯ ಕಿಲುಬು ಹಿಡಿದ ವೈರು ಮಾತ್ರ ಆಗಲೂ ಹಾಗೇ ಇರುತ್ತದೆ.

– ಬೋಟ್ ವೈರಿಂಗ್ ಕೆಲಸದ ಓದುಗ